ಪಿತ್ತಕೋಶದ ನೋವು ಹೆಗಲಿಗೇಕೆ?

ಕೊಣನೂರಿನಲ್ಲಿ ಅಭ್ಯಾಸ ಬೋಧನೆಯ ವೇಳೆ ಹತ್ತನೇ ತರಗತಿಯ ನರವ್ಯೂಹದ ಪಾಠ ನನ್ನ ಪಾಲಿಗೆ ಬಂದಿತ್ತು. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ನಮ್ಮಜ್ಜಿಗೆ ಪಿತ್ತಕೋಶದಲ್ಲಿ ಕಲ್ಲಿದೆಯಂತೆ. ನೋಯೋದು ಮಾತ್ರ ಬಲಗಡೆ ಹೆಗಲು. ಯಾಕೆ?" ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. ಮರುದಿನ ಹದಿನೈದು ನಿಮಿಷ ಇದಕ್ಕೇ ಕೊಟ್ಟೆ.

ಪಿತ್ತಕೋಶ ಮಕ್ಕಳಿಗೆ ಹೊಸದಲ್ಲ. ಕೋಳಿ ಕೊಯ್ದಾಗ ಈಲಿಗೆ ಅಂಟಿದ ಹಸಿರು ಚೀಲವನ್ನು ಒಡೆಯದಂತೆ ತೆಗೆಯುತ್ತಾರಲ್ಲ, ಅದೇ. ಮನುಷ್ಯನದು 7ರಿಂದ 10 ಸೆಂ.ಮೀ. ಉದ್ದ, 30–50 ಮಿ.ಲೀ. ಪಿತ್ತರಸ ಹಿಡಿಯುತ್ತದೆ. ಜಿಡ್ಡಿನ ಆಹಾರ ಸಣ್ಣಕರುಳಿಗೆ ಬಂದಾಗ ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಈ ಚೀಲವನ್ನು ಹಿಂಡಿಸುತ್ತದೆ. ವೇಗಸ್ ನರ ಅದಕ್ಕೆ ನೆರವಾಗುತ್ತದೆ, ಸಿಂಪಥೆಟಿಕ್ ನರಗಳು ಚೀಲವನ್ನು ಸಡಿಲಿಸುತ್ತವೆ. ಆರೋಗ್ಯವಾಗಿದ್ದಾಗ ಇದಾವುದೂ ನಮಗೆ ಗೊತ್ತಾಗುವುದೇ ಇಲ್ಲ.

ಕಲ್ಲು ಚೀಲದ ಬಾಯಿಗೆ ಸಿಕ್ಕಿಕೊಂಡರೆ ರಸ ಹೊರಬೀಳದೆ ಗೋಡೆ ಬಿಗಿಯುತ್ತದೆ. ಆ ಸುದ್ದಿ ಸಿಂಪಥೆಟಿಕ್ ನರಗಳ ಜೊತೆ ಸಾಗಿ ಬೆನ್ನುಹುರಿಯ ಎದೆಭಾಗದ 7ರಿಂದ 9ನೇ ಖಂಡಗಳನ್ನು ಸೇರುತ್ತದೆ. ಹೊಟ್ಟೆಯ ಮೇಲ್ಭಾಗದ ಮತ್ತು ಬೆನ್ನಿನ ಚರ್ಮದ ಸುದ್ದಿಯೂ ಬರುವುದು ಅಲ್ಲಿಗೇ.

ಇಲ್ಲಿ ನಾನು ಕಟ್ಟೇಪುರ ನಾಲೆಯ ಬಯಲನ್ನು ಬೋರ್ಡಿನ ಮೇಲೆ ಬರೆದೆ. ಎರಡು ಗದ್ದೆಗಳ ಬಸಿನೀರು ಒಂದೇ ಕಾಲುವೆಗೆ ಬೀಳುತ್ತದೆ. ನೀರು ರಾಡಿಯಾದರೆ ಕೆಳಗೆ ನಿಂತವನು ದಿನವೂ ನೀರು ಬಿಡುವ ಗದ್ದೆಯನ್ನೇ ದೂರುತ್ತಾನೆ. ಮಿದುಳಿಗೆ ದಿನವೂ ಸುದ್ದಿ ಬರುವುದು ಚರ್ಮದಿಂದ. ಹಾಗಾಗಿ ನೋವು ಎದೆಗುಂಡಿಯಲ್ಲೋ ಬಲ ಹೆಗಲೆಲುಬಿನ ಕೆಳಗೋ ಇದ್ದಂತೆ ತೋರುತ್ತದೆ.

ಹೆಗಲ ತುದಿಯ ನೋವಿನ ದಾರಿ ಬೇರೆ. ಉರಿಯೂತವು ವಪೆಯನ್ನು ಕೆರಳಿಸಿದಾಗ ಬಲ ಫ್ರೆನಿಕ್ ನರ ಕುತ್ತಿಗೆಯ 3, 4, 5ನೇ ಖಂಡಗಳಿಗೆ ಸುದ್ದಿ ಒಯ್ಯುತ್ತದೆ. ಹೆಗಲ ಚರ್ಮದ ನರಗಳು ಹೊರಡುವುದೂ 3, 4ರಿಂದಲೇ. ಹೊಟ್ಟೆಯ ಮೇಲಿನ ಪೊರೆಗೆ ಕುತ್ತಿಗೆಯ ನರವೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಭ್ರೂಣದಲ್ಲಿ ವಪೆ ರೂಪುಗೊಳ್ಳತೊಡಗುವುದು ಕುತ್ತಿಗೆಯ ಮಟ್ಟದಲ್ಲಿ. ಕೆಳಗಿಳಿಯುವಾಗ ಅದು ತನ್ನ ನರವನ್ನೂ ಎಳೆದುಕೊಂಡು ಬರುತ್ತದೆ.

ಹೆಗಲಿಗೆ ಮುಲಾಮು ಹಚ್ಚಿ ದಿನ ಕಳೆಯುವವರು ನಮ್ಮ ಕಡೆ ಬಹಳ. ಜಿಡ್ಡಿನ ಊಟದ ನಂತರ ಹೊಟ್ಟೆನೋವಿನೊಂದಿಗೆ ಹೀಗಾದರೆ, ಅದರಲ್ಲೂ ಜ್ವರ ಅಥವಾ ಕಾಮಾಲೆ ಇದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಒತ್ತಿ ಹೇಳಿದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂದವಾಗಿ ನೋವೇ ಕಡಿಮೆ ಇರಬಹುದು. ಇದನ್ನು ಪಾಠಯೋಜನೆಯಲ್ಲಿ ಬಿಡಬಾರದು.

ಮೌಲ್ಯಮಾಪನಕ್ಕೆ, ಹೃದಯಾಘಾತದಲ್ಲಿ ಎಡತೋಳು ಏಕೆ ನೋಯುತ್ತದೆ ಎಂದು ಕೇಳಿದೆ. ಹೆಚ್ಚಿನವರು ಕಾಲುವೆಯ ಚಿತ್ರವನ್ನೇ ಬಿಡಿಸಿ, ಗದ್ದೆಗಳ ಹೆಸರು ಬದಲಿಸಿದ್ದರು.