ರಾಯಭಾರಿಯ ವೃತ್ತಿಯೂ ಕುಮಾರಿ ಮುತ್ತಮ್ಮನವರೂ

ಪರದೇಶದಲ್ಲಿ ಸ್ವದೇಶದ ಪರವಾಗಿ ನಿಂತು ಮಾತನಾಡತಕ್ಕವರು ರಾಯಭಾರಿಗಳು. ಈ ಪದವಿಯು ಎಂತಹುದು, ಅದನ್ನು ಸೇರುವ ಮಾರ್ಗವಾವುದು, ಅದು ನಮ್ಮ ಹೆಣ್ಣುಮಕ್ಕಳಿಗೆ ಎಟುಕತಕ್ಕದ್ದೇ ಎಂಬ ಪ್ರಶ್ನೆಗಳಿಗೆ ಕೊಡಗಿನ ಕುಮಾರಿ ಸಿ. ಬಿ. ಮುತ್ತಮ್ಮನವರ ಜೀವಿತವೇ ಉತ್ತರವಾಗಿರುವುದರಿಂದ, ಅದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಲು ಬಯಸುತ್ತೇವೆ.

ಮೊದಲು ವೃತ್ತಿಯ ಸ್ವರೂಪವನ್ನು ನೋಡೋಣ. ಒಬ್ಬರನ್ನು ರಾಯಭಾರಿಯನ್ನಾಗಿ ಕಳುಹಿಸುವುದಕ್ಕೆ ಮುಂಚೆ ಆ ದೇಶದ ಸರಕಾರದ ಒಪ್ಪಿಗೆಯನ್ನು ಪಡೆಯಬೇಕು. ಬಳಿಕ ನಮ್ಮ ರಾಷ್ಟ್ರಪತಿಗಳು ಕೊಟ್ಟ ಅಧಿಕಾರಪತ್ರವನ್ನು ರಾಯಭಾರಿಯು ಅಲ್ಲಿಯ ರಾಷ್ಟ್ರದ ಮುಖ್ಯಸ್ಥರಿಗೆ ಒಪ್ಪಿಸುವರು. ಕಾಮನ್‌ವೆಲ್ತ್ ಕೂಟಕ್ಕೆ ಸೇರಿದ ದೇಶಗಳಲ್ಲಿ ಇದೇ ಪದವಿಗೆ ಹೈಕಮಿಷನರ್ ಎಂದು ಹೆಸರು. 1961ರ ವಿಯೆನ್ನಾ ಒಪ್ಪಂದವು ರಾಯಭಾರಿಯ ಕಚೇರಿಯ ಕರ್ತವ್ಯಗಳನ್ನು ಹೇಳಿದೆ: ಸ್ವದೇಶವನ್ನು ಪ್ರತಿನಿಧಿಸುವುದು, ಅಲ್ಲಿರುವ ಸ್ವದೇಶೀಯರ ಹಿತವನ್ನು ಕಾಯುವುದು, ಸಂಧಾನ ನಡೆಸುವುದು, ಅಲ್ಲಿಯ ಸ್ಥಿತಿಗತಿಗಳನ್ನು ನ್ಯಾಯವಾದ ರೀತಿಯಲ್ಲಿ ತಿಳಿದು ವರದಿ ಮಾಡುವುದು, ಸ್ನೇಹವನ್ನೂ ವ್ಯಾಪಾರವನ್ನೂ ಸಂಸ್ಕೃತಿಯ ಸಂಬಂಧವನ್ನೂ ಬೆಳೆಸುವುದು. ರಾಯಭಾರಿಯನ್ನು ಅಲ್ಲಿ ಯಾರೂ ಬಂಧಿಸುವಂತಿಲ್ಲ. ಆದರೆ ರಾಯಭಾರಿಯೂ ಆ ದೇಶದ ಕಾನೂನನ್ನು ಗೌರವಿಸತಕ್ಕದ್ದು, ಅದರ ಒಳವ್ಯವಹಾರಗಳಲ್ಲಿ ಕೈಹಾಕತಕ್ಕದ್ದಲ್ಲ.

ಮುತ್ತಮ್ಮನವರು 1924ರಲ್ಲಿ ವಿರಾಜಪೇಟೆಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ತಾಯಿಯೇ ವಿದ್ಯೆ ಕೊಡಿಸಿದರು. ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆಯಲ್ಲಿಯೂ, ಅನಂತರ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅವರು ಓದಿದರು. 1948ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆಯಾದರು. ವಿವಾಹವಾದರೆ ರಾಜೀನಾಮೆ ಕೊಡುವೆನೆಂದು ಆಗ ಬರೆದುಕೊಡಬೇಕಾಗಿತ್ತು. ಪುರುಷರಿಗೆ ಇಂತಹ ಕಟ್ಟು ಇರಲಿಲ್ಲ.

ಪ್ಯಾರಿಸ್, ರಂಗೂನ್, ಲಂಡನ್ ಮೊದಲಾದೆಡೆಗಳಲ್ಲಿಯೂ ದೆಹಲಿಯಲ್ಲಿಯೂ ದುಡಿದು, 1970ರಲ್ಲಿ ಅವರು ಹಂಗೆರಿಗೆ ರಾಯಭಾರಿಯಾದರು. ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು 1947ರಲ್ಲಿಯೇ ಮಾಸ್ಕೋವಿಗೆ ರಾಯಭಾರಿಯಾಗಿ ಹೋಗಿದ್ದರೂ ಅವರು ರಾಜಕಾರಣದಿಂದ ಬಂದವರು. ಸೇವೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಆ ಪದವಿಗೆ ಬಂದ ಮಹಿಳೆಯರಲ್ಲಿ ಮುತ್ತಮ್ಮನವರೇ ಮೊದಲಿಗರು. ಮುಂದೆ ಘಾನಾದಲ್ಲಿಯೂ ನೆದರ್ಲೆಂಡ್ಸಿನಲ್ಲಿಯೂ ಅವರು ಭಾರತವನ್ನು ಪ್ರತಿನಿಧಿಸಿದರು.

ಇಷ್ಟಾದರೂ, ಬಡ್ತಿಯ ಕಾಲದಲ್ಲಿ ಅವರನ್ನು ಬಿಟ್ಟು ಬೇರೆಯವರನ್ನು ಮೇಲಕ್ಕೇರಿಸಲಾಯಿತು. ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 1961ರ ನಿಯಮಗಳ ಪ್ರಕಾರ ವಿವಾಹಿತ ಸ್ತ್ರೀಗೆ ಈ ಸೇವೆಯಲ್ಲಿ ಹಕ್ಕಿನಿಂದ ನೇಮಕವಿರಲಿಲ್ಲ. ಸೇವೆಯಲ್ಲಿದ್ದ ಸ್ತ್ರೀಯು ವಿವಾಹಕ್ಕೆ ಸರಕಾರದ ಅಪ್ಪಣೆಯನ್ನು ಪಡೆಯಬೇಕಾಗಿತ್ತು, ಸಂಸಾರದ ಹೊರೆಯು ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆಯನ್ನೂ ಕೇಳಬಹುದಾಗಿತ್ತು. ಸಂಸಾರದ ಭಾರವು ಪುರುಷನಿಗೂ ಇಲ್ಲವೇ ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1979ರ ತೀರ್ಪಿನಲ್ಲಿ ವಿಚಾರಿಸಿದರು. ಅಷ್ಟರೊಳಗೆ ಬಡ್ತಿ ದೊರೆತಿದ್ದುದರಿಂದ ಅರ್ಜಿಯು ವಜಾ ಆಯಿತು. ಆದರೂ ಅವರ ಹಿರಿತನವನ್ನು ಮರುಪರಿಶೀಲಿಸಬೇಕೆಂದೂ, ಎಲ್ಲ ಸೇವಾನಿಯಮಗಳಿಂದ ಸ್ತ್ರೀಪುರುಷಭೇದದ ಕಳಂಕವನ್ನು ತೊಡೆಯಬೇಕೆಂದೂ ನ್ಯಾಯಾಲಯವು ಹೇಳಿತು. ಒಂದು ನಿಯಮವು 1973ರಲ್ಲಿಯೇ ರದ್ದಾಗಿತ್ತು. ಇನ್ನೊಂದನ್ನೂ ತೆಗೆಯುತ್ತಿರುವುದಾಗಿ ಸರಕಾರವು ಒಪ್ಪಿಕೊಂಡಿತು.

ಅವರು 1982ರಲ್ಲಿ ನಿವೃತ್ತರಾಗಿ, 2009ರಲ್ಲಿ ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರು ಅವಿವಾಹಿತರಾಗಿಯೇ ಉಳಿದರು. 2001ರಲ್ಲಿ ಚೊಕಿಲಾ ಅಯ್ಯರ್ ಅವರು ವಿದೇಶಾಂಗ ಕಾರ್ಯದರ್ಶಿಯ ಪದವಿಗೇರಿದ ಪ್ರಥಮ ಮಹಿಳೆಯಾದರು.

ಈಗ ಈ ಸೇವೆಗೆ ಸೇರಲು ಯಾವುದಾದರೂ ವಿಷಯದಲ್ಲಿ ಪದವಿ ಪಡೆದು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು; ಸೇರಿದ ಮೇಲೆ ಒಂದು ಪರಭಾಷೆಯನ್ನೂ ಕಲಿಯಬೇಕು. ಮಗಳು ಭೂಪಟವನ್ನು ಹರಡಿಕೊಂಡು ದೂರದೇಶಗಳ ಹೆಸರುಗಳನ್ನು ಓದುತ್ತಿದ್ದರೆ ತಾಯಿತಂದೆಗಳು ಅದನ್ನು ಆಟವೆಂದು ತಳ್ಳಿಹಾಕದಿರಲಿ. ವಿವಾಹವೋ ವೃತ್ತಿಯೋ ಎಂದು ಆಕೆಯನ್ನು ಕೇಳುವ ನಿಯಮವು ಸರಕಾರದ ಪುಸ್ತಕದಿಂದ ಅಳಿದಿದೆ; ನಮ್ಮ ಮನೆಗಳಿಂದಲೂ ಅದು ಅಳಿಯಲೆಂದು ಹಾರೈಸುತ್ತೇವೆ.