ಮೊಣಕೈ ಎತ್ತರದ ಲೆಕ್ಕ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳಿಗ್ಗೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಒಂದು ಮನೆಯ ಮಗ್ಗದ ಟಕ್ ಟಕ್ ನಿಲ್ಲುವಷ್ಟರಲ್ಲಿ ಪಕ್ಕದ ಮನೆಯದು ಶುರುವಾಗಿರುತ್ತದೆ. ನಡುವೆ ಕಂಡಿಕೆ ಸುತ್ತುವ ರಾಟೆಯ ಗರಗರ, ಎಲ್ಲೋ ಹಿತ್ತಲ ಕಡೆಯಿಂದ ರೊಟ್ಟಿ ಬಡಿಯುವ ಸದ್ದು. ತಲೆ ತಗ್ಗಿಸಿ ಒಳಗೆ ಬನ್ನಿ. ಬಿಸಿಲಿನಿಂದ ಬಂದ ಕಣ್ಣು ಒಳಗಿನ ಮಬ್ಬಿಗೆ ಒಗ್ಗುವ ಮೊದಲೇ ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ, ನೆಲದ ತಂಪು ಅಂಗಾಲಿಗೆ ತಾಕುತ್ತದೆ. ಆಮೇಲೆ ಕಾಣುತ್ತವೆ, ನೆಲದಿಂದ ತುಸುವೇ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಸಾಲುಸಾಲು ಎಳೆಗಳು. ಅವುಗಳ ತುದಿಯಲ್ಲಿ, ಸೊಂಟದಿಂದ ಮೇಲಷ್ಟೇ ಕಾಣುವ ನೇಕಾರ. ಕಾಲುಗಳು ಕುಣಿಯೊಳಗೆ.

ಇದು ಕುಣಿಮಗ್ಗ. ನೆಲದೊಳಗಿನ ತೇವಕ್ಕೆ ನೂಲು ಒಣಗಿ ಪಟಪಟನೆ ಹರಿಯುವುದಿಲ್ಲ. ಮಗ್ಗಕ್ಕೆ ಎತ್ತರದ ಚೌಕಟ್ಟೂ ಬೇಕಿಲ್ಲ. ಬಲಗೈ ಹಗ್ಗದ ಹಿಡಿಯನ್ನು ಜಗ್ಗಿದರೆ ಲಾಳಿ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಎಡಗೈ ಹಣಿಗೆಯನ್ನು ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುತ್ತದೆ, ಕಾಲುಗಳು ಕೆಳಗೆ ಒಂದಾದ ಮೇಲೊಂದು ಹಲಗೆ ತುಳಿಯುತ್ತವೆ. ಹಗಲೆಲ್ಲ ಇದೇ ಆವರ್ತನ. ಕೆಂಪು ಸೆರಗಿನ ಹಾಸುನೂಲನ್ನು ಸೀರೆಯ ಒಡಲಿನ ಹಾಸುನೂಲಿಗೆ ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸುವುದು ಇಳಕಲ್ ಸೀರೆಯ ಹೆಗ್ಗಳಿಕೆ. ಆ ಕೆಲಸಕ್ಕೆ ಕೂತಾಗ ಕತ್ತು ಎಷ್ಟು ಬಾಗುತ್ತದೆ, ಎಷ್ಟು ಹೊತ್ತು ಬಾಗಿಯೇ ಇರುತ್ತದೆ ಎಂಬುದನ್ನು ಗಮನಿಸಿ.

ಕೂರುವ ಜಾಗವನ್ನೂ ನೋಡಿ. ಕುಣಿಯ ಅಂಚೇ ಆಸನ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ. ಆ ಚೀಲ ಬರೀ ಮೆತ್ತಗಿರಲೆಂದು ಹಾಕಿದ್ದಲ್ಲ. ಚೂಪಾದ ಅಂಚು ತೊಡೆಯ ಅಡಿಭಾಗವನ್ನು ಒತ್ತಿದರೆ ರಕ್ತ ಸರಾಗವಾಗಿ ಹರಿಯದೆ ಕಾಲು ಜೋಮು ಹಿಡಿಯುತ್ತದೆ. ಆಸನದ ಮುಂದಿನ ಅಂಚು ದುಂಡಗಿರಬೇಕು, ಪಾದಗಳು ಪೂರ್ತಿ ಊರುವಂತಿರಬೇಕು, ಬೆನ್ನಿಗೊಂದು ಆಸರೆ ಬೇಕು ಎನ್ನುವುದು ಕುರ್ಚಿ ವಿನ್ಯಾಸದ ಮೊದಲ ಪಾಠ. ಗೋಣಿಚೀಲ ಅದರಲ್ಲಿ ಒಂದನ್ನು ಹೇಗೋ ನಿಭಾಯಿಸಿದೆ. ಬೆನ್ನಿಗೆ ಮಾತ್ರ ಏನೂ ಇಲ್ಲ.

ಮಧ್ಯಾಹ್ನ ಯಜಮಾನರು ಊಟಕ್ಕೆ ಎದ್ದರೆ ಮನೆಯಾಕೆ ಮಗ್ಗಕ್ಕೆ ಇಳಿಯುತ್ತಾರೆ. ಕೂತವರೇ ಮುಂದೆ ಮುಂದೆ ಸರಿದು, ಹೆಬ್ಬೆರಳು ಚಾಚಿ ಹಲಗೆ ಹುಡುಕುತ್ತಾರೆ. "ಅವ್ರ ಕಾಲಿನ ಅಳತಿಗೆ ತೋಡಿದ ಕುಣಿರೀ ಇದು. ನನಗ ಮುಟ್ಟಬೇಕಂದ್ರ ಹಿಂಗ ತುದಿಗೆ ಬರಬೇಕು" ಎಂದು ನಗುತ್ತಾರೆ. ಮಗ್ಗ ಒಂದು, ಮೈ ಎರಡು. ಒಂದು ಮೈಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದಲಿಲ್ಲ; ಆ ನಾಲ್ಕು ಇಂಚಿನ ಕೊರತೆಯನ್ನು ಸಂಜೆಯವರೆಗೆ ತುಂಬಿಕೊಡುವುದು ಆಕೆಯ ಸೊಂಟ.

ಹಾಗಾದರೆ ಇಬ್ಬರಿಗೂ ನಡುವಿನ ಒಂದು ಅಳತೆ ಹಿಡಿದರಾಯಿತಲ್ಲ ಎನ್ನಿಸಬಹುದು. ಅಮೆರಿಕದ ವಾಯುಪಡೆ ಹಾಗೆಯೇ ನಂಬಿತ್ತು; ವಿಮಾನ ಚಾಲಕರ ಆಸನ, ಕೈಗೆಟುಕುವ ಗುಂಡಿಗಳು ಎಲ್ಲವೂ ಸರಾಸರಿ ಮೈಯ ಲೆಕ್ಕದಲ್ಲಿದ್ದವು. 1950ರಲ್ಲಿ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ 4,063 ಚಾಲಕರ ಅಳತೆಗಳನ್ನು ಮುಂದಿಟ್ಟುಕೊಂಡು, ಎತ್ತರ, ಎದೆ, ತೋಳು ಮುಂತಾದ 10 ಅಳತೆಗಳಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಹುಡುಕಿದರು. ಒಬ್ಬರೂ ಸಿಗಲಿಲ್ಲ. ಉದ್ದ ತೋಳಿನವನಿಗೆ ಗಿಡ್ಡ ಕಾಲು, ಅಗಲ ಎದೆಯವನಿಗೆ ಸಣ್ಣ ಸೊಂಟ. ಆಮೇಲೆ ಹಿಂದೆ ಮುಂದೆ ಸರಿಯುವ ಆಸನ, ಹೊಂದಿಸಬಹುದಾದ ಪೆಡಲು, ಬಿಗಿಸಿ ಸಡಿಲಿಸುವ ಪಟ್ಟಿ ಬಂದವು. ಆದರೆ ಆ ಅಳತೆಗಳು ಅಲ್ಲಿನ ಮೈಗಳವು; ನಮ್ಮ ಜನರ ಮೈಯಳತೆಗಳನ್ನು ಕಲೆಹಾಕಿ ದೇಬ್‌ಕುಮಾರ್ ಚಕ್ರಬರ್ತಿ ಸಿದ್ಧಪಡಿಸಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಹೊರತಂದಿತು.

ಅಳತೆ ಕೈಗೆ ಬಂದ ಮೇಲೆ ಸೂತ್ರ ಸರಳ. ಮೈ ತೂರಬೇಕಾದ ಜಾಗವನ್ನು ದೊಡ್ಡ ಮೈಗೆ ತಕ್ಕಂತೆ ಬಿಡಿ, ಕೈಗೆ ಎಟುಕಬೇಕಾದ್ದನ್ನು ಚಿಕ್ಕ ತೋಳಿಗೆ ತಕ್ಕಂತೆ ಇಡಿ, ಎರಡೂ ಆಗದಲ್ಲಿ ಹೊಂದಿಸಿಕೊಳ್ಳಲು ಬರುವಂತೆ ಮಾಡಿ. ಕುಣಿಯ ಅಗಲ ಯಜಮಾನರ ಮೊಣಕಾಲಿಗೆ, ಲಾಳಿ ಹಗ್ಗದ ಹಿಡಿ ಮನೆಯಾಕೆಯ ತೋಳಿಗೆ, ತುಳಿಯುವ ಹಲಗೆಯ ಹಗ್ಗಕ್ಕೆ ಏರಿಸಿ ಇಳಿಸಲು ಎರಡು ಗಂಟು. ಇಷ್ಟಕ್ಕೆ ಊರಿನ ಬಡಿಗರೇ ಸಾಕು.

ಈಗ ಅಡುಗೆಮನೆಗೆ ಬನ್ನಿ, ಬೆಳಿಗ್ಗೆ ಆ ರೊಟ್ಟಿಯ ಸದ್ದು ಬರುತ್ತಿದ್ದ ಕಡೆಗೆ. ಅತ್ತೆ ನೆಲಕ್ಕೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಅಂಗೈ ಬೀಳುವಾಗ ಭುಜದ ಭಾರವೂ ಅದರ ಜೊತೆ ಇಳಿಯುತ್ತದೆ. ಹಿಟ್ಟು ತಿರುಗುತ್ತ ತಿರುಗುತ್ತ ಅಂಚು ಬಿರಿಯದೆ ಹಿಗ್ಗುತ್ತದೆ. ಅದೇ ಕೆಲಸವನ್ನು ಹೊಸ ಗ್ಯಾಸ್ ಕಟ್ಟೆಯ ಮೇಲೆ ಸೊಸೆ ಮಾಡುವಾಗ ಭುಜ ಕಿವಿಯ ಕಡೆ ಏರುತ್ತದೆ, ಹೆಜ್ಜೆ ತುದಿಗಾಲಿಗೆ ಬರುತ್ತದೆ. ನಿಂತು ಮಾಡುವ ಸೂಕ್ಷ್ಮ ಕೆಲಸದ ಮಟ್ಟ ಮೊಣಕೈಗಿಂತ 2ರಿಂದ 4 ಇಂಚು ಮೇಲಿರಬೇಕು. ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ 4ರಿಂದ 6 ಇಂಚು ಕೆಳಗೆ. ಮೈಭಾರ ಹಾಕಿ ಒತ್ತುವ ಕೆಲಸಕ್ಕೆ ಇನ್ನೂ ಕೆಳಗೆ. 5 ಅಡಿ ಎತ್ತರದ ಹೆಂಗಸು ನಿಂತಾಗ ಮೊಣಕೈ ನೆಲದಿಂದ ಸುಮಾರು 37-38 ಇಂಚಿಗೆ ಬರುತ್ತದೆ. ಹಾಗಾಗಿ 33 ಇಂಚಿನ ಕಟ್ಟೆ ಆಕೆಗೆ ಈರುಳ್ಳಿ ಹೆಚ್ಚಲು ಹಿತ, ರೊಟ್ಟಿ ಬಡಿಯಲು ಎತ್ತರ. ಕಟ್ಟೆಯ ಪಕ್ಕದಲ್ಲೇ ನಾಲ್ಕೈದು ಇಂಚು ತಗ್ಗಿಸಿ ಇನ್ನೊಂದು ಕಲ್ಲು ಕೂರಿಸಿದರೆ ಎರಡೂ ಸಲೀಸು.

ದುಡಿಯುವ ಮೈಗೆ ಬರುವ ನೋವನ್ನು ನಾವು ವಯಸ್ಸಿನ ಲೆಕ್ಕಕ್ಕೆ, ಹಣೆಬರಹದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅದರಲ್ಲಿ ಎಷ್ಟೋ ನೋವು ತಪ್ಪಿದ ಅಳತೆಯದು. ಗಾರೆಯವರು ಮನೆಗೆ ಬಂದಾಗ ಗೋಡೆಗಳ ಅಳತೆಯನ್ನಷ್ಟೇ ಕೊಟ್ಟು ಕಳಿಸಬೇಡಿ. ಆ ಕಟ್ಟೆಯ ಮುಂದೆ ದಿನಾ ನಿಲ್ಲುವವರನ್ನು ಕರೆಯಿರಿ, ಮೊಣಕೈ ಮಡಿಸಿ ನಿಲ್ಲಿಸಿ, ಟೇಪು ಅಲ್ಲಿಂದ ಕೆಳಕ್ಕೆ ಹಿಡಿಯಿರಿ. ಕಲ್ಲು ಕೂರಿಸಿದ ಮೇಲೆ ಒಡೆಯಬೇಕು. ಮೊದಲೇ ಅಳೆದರೆ ಎರಡು ನಿಮಿಷದ ಕೆಲಸ.