ಮೆಥೆನಾಲ್ ರೇಸ್ ಇಂಜಿನ್ನಿಗೂ ನಮ್ಮ ಹಳೇ ಬೈಕಿಗೂ ಒಂದೇ ಕಾಯಿಲೆ: ಎಗ್ಜಾಸ್ಟ್ ವಾಲ್ವ್ ಸುಡೋದು ಯಾಕೆ, ತಡೆಯೋದು ಹೇಗೆ?

ಕಡ್ಡಿರಾಂಪುರ: ಹಂಪಿ ರಸ್ತೆಯಲ್ಲಿ ಬೈಕ್ ಕೈಕೊಟ್ಟಾಗ ನನಗೆ ಮೊದಲು ಅನುಮಾನ ಬಂದಿದ್ದು ಪೆಟ್ರೋಲ್ ಮೇಲೆ. ಕಿಕ್ ಹೊಡೆದರೆ ಕಾಲಿಗೆ ಬಿಗಿನೇ ಸಿಗ್ತಿಲ್ಲ, ಸೈಲೆನ್ಸರ್‌ನಿಂದ ಪಟ್ ಪಟ್ ಸದ್ದು. ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಹೆಡ್ ಬಿಚ್ಚಿ ಎಗ್ಜಾಸ್ಟ್ ವಾಲ್ವ್ ತೆಗೆದು ನನ್ನ ಕೈಗಿಟ್ಟರು. ಇಲಿ ಕಡಿದ ರೊಟ್ಟಿ ಹಾಗೆ ಅಂಚಿನಲ್ಲಿ ಒಂದು ತುಂಡೇ ಇಲ್ಲ.

"ಎಥೆನಾಲ್ ಪೆಟ್ರೋಲಿಂದ ಸುಟ್ಟಿದ್ದಾ ಅಣ್ಣಾ?" ಅಂದೆ.

"ಟ್ಯಾಪೆಟ್ ಸದ್ದು ಬರ್ತೈತಿ, ಟೈಟ್ ಮಾಡ್ರಿ ಅಂತ ಬೇರೆ ಕಡೆ ಯಾರು ಮಾಡಿಸ್ಕೊಂಡು ಬಂದಿದ್ದು ತಮ್ಮಾ?"

ಮಾಡಿಸಿದ್ದು ನಾನೇ. ಬಿಲ್ 3,400 ರೂಪಾಯಿ ಆಯ್ತು.

ದುಡ್ಡು ಹೋದ ಮೇಲೆ ಕಾರಣನಾದ್ರೂ ತಿಳ್ಕೋಬೇಕಲ್ಲ ಅಂತ ಓದೋಕೆ ಕೂತೆ. ಈ ಕಾಯಿಲೆ ಜೋರಾಗಿ ಬರೋದು ಮೆಥೆನಾಲ್ ಕುಡಿದು ಓಡೋ, ಸೂಪರ್‌ಚಾರ್ಜರ್ ಕೂರಿಸಿದ ಡ್ರ್ಯಾಗ್ ರೇಸ್ ಇಂಜಿನ್‌ಗಳಿಗೆ. ನಮ್ಮ ಹುಡುಗರು ಮೊಬೈಲಲ್ಲಿ ಬಾಯಿ ಬಿಟ್ಟುಕೊಂಡು ನೋಡ್ತಾರಲ್ಲ, ಅವೇ. ಅಲ್ಲಿನ ಲೆಕ್ಕ ತಿಳಿದರೆ ನಮ್ಮ ಬೈಕಿನದು ತಾನಾಗೇ ತಿಳೀತದೆ.

ಮೊದಲು ವಾಲ್ವ್ ವಿಷಯ. ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಎಗ್ಜಾಸ್ಟ್ ವಾಲ್ವ್ 3,000 ಸಲ ತೆರೆದು ಮುಚ್ಚುತ್ತದೆ. ಅಂದ್ರೆ ಸೆಕೆಂಡಿಗೆ 50 ಸಲ. ಇನ್‌ಲೆಟ್ ವಾಲ್ವ್‌ಗೆ ಪ್ರತಿ ಸಲ ತಣ್ಣನೆ ಗಾಳಿ, ಪೆಟ್ರೋಲ್ ಸೋಕುತ್ತದೆ. ಎಗ್ಜಾಸ್ಟ್ ವಾಲ್ವ್‌ಗೆ ಆ ಭಾಗ್ಯ ಇಲ್ಲ, ಸುಟ್ಟ ಗ್ಯಾಸ್ ಎಲ್ಲ ಅದನ್ನ ದಾಟಿಕೊಂಡೇ ಹೊರಗೆ ಹೋಗಬೇಕು. ಜೋರು ಲೋಡ್ ಬಿದ್ದಾಗ ಅದರ ತಲೆ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈ ಬಿಸಿಯಲ್ಲಿ ಸುಮಾರು ಮುಕ್ಕಾಲು ಭಾಗ ಇಳಿಯೋದು ವಾಲ್ವ್ ಮುಚ್ಚಿಕೊಂಡು ಸೀಟಿಗೆ ಒತ್ತಿ ಕೂತಾಗ. ಉಳಿದದ್ದು ಕಾಂಡದ ಮೂಲಕ ಗೈಡಿಗೆ ಹೋಗ್ತದೆ.

ಟ್ಯಾಪೆಟ್ ಗ್ಯಾಪ್ ಬೇಕಾಗಿರೋದು ಇದಕ್ಕೇ. ಬಿಸಿಯಾದಾಗ ವಾಲ್ವ್ ಉದ್ದ ಆಗ್ತದೆ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಲ್ಲ, ಕೂದಲೆಳೆ ಸಂದು ಉಳಿಯುತ್ತದೆ. ಬಿಸಿ ಇಳಿಯೋ ದಾರಿ ಬಂದ್, ಮೇಲಿಂದ ಆ ಸಂದಿನಲ್ಲಿ ಬೆಂಕಿ ನುಗ್ಗುತ್ತದೆ. ಗ್ಯಾಸ್ ಕಟಿಂಗ್ ಮಾಡಿದ ಹಾಗೆ ಅಂಚು ತಿಂದು ಹೋಗೋದು ಆಗಲೇ.

ಇನ್ನು ಆಲ್ಕೋಹಾಲ್. ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು, ಆದ್ರೂ ಈ ಲೆಕ್ಕ ಒಂದು ನೋಡ್ಲೇಬೇಕು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಸುಡೋಕೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲ್‌ಗೆ 9 ಕಿಲೋ, ಮೆಥೆನಾಲ್‌ಗೆ 6.4 ಕಿಲೋ ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಮೆಥೆನಾಲನ್ನ ಎರಡು ಪಟ್ಟಿಗಿಂತ ಜಾಸ್ತಿ ಸುರೀಬೇಕು. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿ ಎಳ್ಕೊಳ್ತದೆ. ಎರಡೂ ಸೇರಿದರೆ ತಂಪು ಏಳು ಪಟ್ಟಿನ ಹತ್ತಿರ. ಸೂಪರ್‌ಚಾರ್ಜರ್ ಅಂದ್ರೆ ಬೆಲ್ಟ್‌ನಿಂದ ತಿರುಗಿ ಗಾಳಿಯನ್ನ ಅದುಮಿ ತುಂಬೋ ಪಂಪು. ಸಂಡೂರು ಮೈನ್ಸ್ ಲಾರಿಗಳ ಟರ್ಬೊ ಮಾಡೋ ಕೆಲಸಾನೇ ಇದೂ ಮಾಡೋದು. ಅದುಮಿದ ಗಾಳಿ ಕಾಯ್ತದೆ, ಮೆಥೆನಾಲ್ ಅದನ್ನ ತಣ್ಣಗೆ ಮಾಡ್ತದೆ. ಇವೆರಡರ ಜೋಡಿ ಕೂಡಿಬಂದಿದ್ದು ಹಾಗೆ.

ಹಾಗಿದ್ರೂ ವಾಲ್ವ್ ಯಾಕೆ ಸುಡ್ತದೆ? ಒಂದು ನಾಝಲ್‌ನಲ್ಲಿ ಕಸ ಕೂತರೂ ಸಾಕು, ಆ ಸಿಲಿಂಡರಿಗೆ ಇಂಧನ ಕಮ್ಮಿ ಬೀಳ್ತದೆ, ಅಂದ್ರೆ ಮಿಕ್ಸ್ಚರ್ ಲೀನ್ ಆಗ್ತದೆ. ತಂಪು ಮಾಡೋದೂ ಕಮ್ಮಿ, ಬೆಂಕಿಯ ಬಿಸಿಯೂ ಜಾಸ್ತಿ. ವಾಲ್ವ್ ಅಂಚು ಕೆಂಡ ಆಗ್ತದೆ. ಮೆಥೆನಾಲ್‌ಗೆ ಒಂದು ಕೆಟ್ಟ ಗುಣ ಐತೆ, ಕಾದ ಲೋಹ ಸೋಕಿದರೆ ಪ್ಲಗ್ ಕಿಡಿ ಬರೋ ಮೊದಲೇ ಹೊತ್ತಿಕೊಳ್ತದೆ. ಹಂಗೆ ಹೊತ್ತಿದರೆ ವಾಲ್ವ್ ಇನ್ನೂ ಕಾಯ್ತದೆ, ಮುಂದಿನ ಸಲ ಇನ್ನೂ ಬೇಗ ಹೊತ್ತುತ್ತದೆ. ಕೊನೆಗೆ ಪಿಸ್ಟನ್ನೂ ತೂತು. ಇಗ್ನಿಷನ್ ಟೈಮಿಂಗ್ ತಡ ಆದ್ರೂ ಕಷ್ಟಾನೇ, ಉರೀತಿರೋ ಗ್ಯಾಸ್ ಮೇಲೇ ವಾಲ್ವ್ ತೆರೆಯುತ್ತದೆ.

ಅದಕ್ಕೆ ರೇಸ್‌ನವರು ಬೇಕಾದ್ದಕ್ಕಿಂತ ಜಾಸ್ತಿ ಇಂಧನಾನೇ ಬಿಡ್ತಾರೆ, ರಿಚ್ ಓಡಿಸ್ತಾರೆ. ಒಂದೊಂದು ಸಿಲಿಂಡರಿನ ಎಗ್ಜಾಸ್ಟ್ ಪೈಪಿಗೂ ಬಿಸಿ ಅಳೆಯೋ ಸೆನ್ಸರ್ ಹಾಕ್ತಾರೆ, ಯಾಕಂದ್ರೆ ಇಡೀ ಇಂಜಿನ್ ಸರಿ ಇದ್ರೂ ಒಂದೇ ಸಿಲಿಂಡರ್ ಲೀನ್ ಇರಬಹುದು. ವಾಲ್ವ್‌ಗೆ ಇಂಕೊನೆಲ್ ಅನ್ನೋ ನಿಕಲ್ ಮಿಶ್ರಲೋಹ. ಎಗ್ಜಾಸ್ಟ್ ಸೀಟನ್ನ ತೀರಾ ಸಣ್ಣ ಅಗಲಕ್ಕೆ ಕಟ್ ಮಾಡಲ್ಲ, ಬಿಸಿ ಇಳಿಯೋಕೆ ಜಾಗ ಬೇಕಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದು: ಓಟ ಮುಗಿದ ಮೇಲೆ ಟ್ಯಾಪೆಟ್ ಗ್ಯಾಪ್ ಅಳೆದು ಬರೆದಿಡ್ತಾರೆ. ಹಿಂದಿನ ಸಲಕ್ಕಿಂತ ಗ್ಯಾಪ್ ಕಮ್ಮಿ ಆಗಿದ್ದರೆ ವಾಲ್ವ್ ಹಿಗ್ಗಿದೆ ಅಥವಾ ಸೀಟ್ ತಿಂದಿದೆ ಅಂತ ಅರ್ಥ. ಒಡೆಯೋ ಮೊದಲೇ ಬಿಚ್ಚಿ ಬದಲಿಸ್ತಾರೆ.

ಈಗ ನಮ್ಮ ಇ20. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಈ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಬರೀ ಪೆಟ್ರೋಲಿಗೆ ಜೆಟ್ ಸೆಟ್ ಆಗಿರೋ ಹಳೇ ಕಾರ್ಬೊರೇಟರ್ ಬೈಕ್ ಇದರಲ್ಲಿ ಸ್ವಲ್ಪ ಲೀನ್ ಓಡ್ತದೆ. 2020ರಿಂದ ಬಂದ ಬಿಎಸ್-6 ಬೈಕ್‌ಗಳಲ್ಲಿ ಬಹುತೇಕ ಇಂಜೆಕ್ಷನ್ ಇರೋದ್ರಿಂದ ಸೆನ್ಸರ್ ನೋಡಿ ಒಂದು ಮಟ್ಟಕ್ಕೆ ಸರಿ ಮಾಡ್ಕೊಳ್ತವೆ. ಇ20 ಒಂದರಿಂದಲೇ ವಾಲ್ವ್ ಸುಟ್ಟಿತು ಅನ್ನೋದನ್ನ ನಾನು ಒಪ್ಪಲ್ಲ. ಆದರೆ ಟೈಟ್ ಟ್ಯಾಪೆಟ್, ಕಸ ಕೂತ ಜೆಟ್, ಬಿಸಿಲಲ್ಲಿ ಮೂರು ಜನ, ಇದರ ಮೇಲೆ ಲೀನ್ ಮಿಕ್ಸ್ಚರ್ ಅಂದ್ರೆ ವಾಲ್ವ್ ಎಷ್ಟು ಅಂತ ತಡೀತದೆ?

ಟ್ಯಾಪೆಟ್ ನೋಡಿಸೋದು ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಫೀಲರ್ ಗೇಜ್ ಹಾಕಿ. ಕಿವಿ ಅಂದಾಜಿನಲ್ಲಿ ಬೇಡ. ಎಷ್ಟು ಗ್ಯಾಪ್ ಅಂತ ಬೈಕಿನ ಪುಸ್ತಕದಲ್ಲಿ ಇರ್ತದೆ. ಸಾಮಾನ್ಯವಾಗಿ ಇನ್‌ಲೆಟ್‌ಗಿಂತ ಎಗ್ಜಾಸ್ಟ್‌ಗೆ ಗ್ಯಾಪ್ ಕಮ್ಮಿ ಇಡಲ್ಲ. ಸರ್ವಿಸ್ ಮಾಡಿಸಿದಾಗೆಲ್ಲ ಅದು ತಾನಾಗೇ ಟೈಟ್ ಆಗ್ತಾ ಬಂದಿದ್ದರೆ ಹುಷಾರಾಗಿ. ಪಿಕಪ್ ಹೋಗಿ ಕಿಕ್ ಹಗುರ ಆಗಿದ್ದರೆ ಕಂಪ್ರೆಷನ್ ಚೆಕ್ ಮಾಡಿಸಿ. ಸೀಟಿಗೆ ವಾಲ್ವ್ ಉಜ್ಜಿ ಕೂರಿಸೋ ಹಂತದಲ್ಲೇ ಸಿಕ್ಕರೆ ಖರ್ಚು ಕಮ್ಮಿ.

ಇನ್ನೊಂದು ಮಾತು ಹುಡುಗರಿಗೆ. ಪಿಕಪ್ ಬರ್ತದೆ ಅಂತ ಟ್ಯಾಂಕಿಗೆ ಮೆಥೆನಾಲ್, ಥಿನ್ನರ್ ಸುರಿಯೋರು ಇದ್ದಾರೆ. ಜೆಟ್ ಬದಲಿಸದೆ ಸುರಿದರೆ ಇಂಜಿನ್ ಮತ್ತಷ್ಟು ಲೀನ್. ಮೆಥೆನಾಲ್ ವಿಷ, ಚರ್ಮದ ಮೂಲಕವೂ ಒಳಗೆ ಹೋಗ್ತದೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. 1981ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಇಂಧನ ತುಂಬಿಸುವಾಗ ರಿಕ್ ಮಿಯರ್ಸ್‌ಗೆ ಬೆಂಕಿ ಹತ್ತಿ ಮುಖ ಸುಟ್ಟಿತ್ತು. ಆ ಬೆಂಕಿ ಕಾಣದೆ ಸುತ್ತ ಇದ್ದವರಿಗೆ ಏನಾಗ್ತಿದೆ ಅಂತಲೇ ಮೊದಲು ತಿಳೀಲಿಲ್ಲ.

ನನ್ನ ಬೈಕ್ ಈಗ ಓಡ್ತಿದೆ. ಟ್ಯಾಪೆಟ್ ಟಿಕ್ ಟಿಕ್ ಅಂತ ಸಣ್ಣಗೆ ಸದ್ದು ಮಾಡ್ತದೆ. ಮೇಸ್ತ್ರಿ "ಇರ್ಲಿ ಬಿಡು, ಮುಟ್ಟಬೇಡ" ಅಂದಿದ್ದಾರೆ.